ತೊಟ್ಟಿ ಮನೆಯ ಅಂಗಳ ಮುಚ್ಚಿಸಬೇಕು: ಗಾಜಾ, ಪಾಲಿಕಾರ್ಬೊನೇಟಾ, ಫೈಬರ್ ಶೀಟಾ?

ತೀರ್ಥಹಳ್ಳಿ_ಟೀಚರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಎರಡು ತಿಂಗಳಿಂದ ಇದೊಂದೇ ವಿಷಯ ತಲೆಯಲ್ಲಿ ಕೊರೆಯುತ್ತಿದೆ.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆ ನಮ್ಮ ಯಜಮಾನರ ಅಜ್ಜನ ಕಾಲದ್ದು. ನಾಲ್ಕೂ ಕಡೆ ಮಂಗಳೂರು ಹೆಂಚಿನ ಮಾಡು, ನಡುವೆ ತೆರೆದ ಅಂಗಳ. ಅಂಗಳ ಪೂರ್ವ-ಪಶ್ಚಿಮ 14 ಅಡಿ, ಉತ್ತರ-ದಕ್ಷಿಣ 11 ಅಡಿ. ಮಧ್ಯದಲ್ಲಿ ತುಳಸಿ ಕಟ್ಟೆ. ಪೂರ್ವದ ಕಡೆ ಅಡುಗೆಮನೆ, ಪಶ್ಚಿಮಕ್ಕೆ ಬಚ್ಚಲು. ಸುತ್ತ ಮರದ ಕಂಬಗಳು, ಕಂಬದೊಳಗೆ ಜಗಲಿ. ಮಳೆಗಾಲದಲ್ಲಿ ಅಡುಗೆಮನೆಯಿಂದ ಬಚ್ಚಲಿಗೆ ಹೋಗಬೇಕೆಂದರೆ ಜಗಲಿಯ ಅಂಚಿನಲ್ಲೇ ಸುತ್ತಿ ಹೋಗಬೇಕು. ಆ ಅಂಚಿನ ಚಪ್ಪಡಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಎಷ್ಟು ಉಜ್ಜಿದರೂ ನಾಲ್ಕು ದಿನಕ್ಕೆ ಮತ್ತೆ ಹಾವಸೆ ಕಟ್ಟುತ್ತದೆ.

ಹೋದ ವರ್ಷ ಪುಷ್ಯ ಮಳೆ ಜೋರಾಗಿ ಹಿಡಿದಿತ್ತು. ಬೆಳಗಿನ ಜಾವ ಹಂಡೆಗೆ ಬೆಂಕಿ ಹಾಕಲು ಹೊರಟ ಅತ್ತೆ ಅಲ್ಲೇ ಜಾರಿದರು. ಅವರಿಗೆ 74 ವರ್ಷ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ. ಈಗ ಮೂಳೆ ಕೂಡಿದೆ. ಆದರೆ ತುಂಬಿದ ಚೊಂಬು ಎತ್ತುವಾಗ ಎಡಗೈಯನ್ನು ಕೆಳಗಿನಿಂದ ಆಸರೆ ಕೊಟ್ಟೇ ಎತ್ತುತ್ತಾರೆ. ಅದನ್ನು ನೋಡಿದಾಗಲೆಲ್ಲ ಈ ಮಳೆಗಾಲಕ್ಕೆ ಮುಂಚೆ ಅಂಗಳಕ್ಕೆ ಏನಾದರೂ ಮಾಡಲೇಬೇಕು ಅನಿಸುತ್ತದೆ.

ಕೇಳಿದಲ್ಲೆಲ್ಲ ಬೇರೆ ಬೇರೆ ಉತ್ತರ. ಪೇಟೆಯ ವೆಲ್ಡಿಂಗ್ ಅಂಗಡಿಯವರು 3 ಎಂಎಂ ಕ್ಲಿಯರ್ ಪಾಲಿಕಾರ್ಬೊನೇಟ್ (ಒಂದು ಥರ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್) ಶೀಟನ್ನು ಹೆಂಚಿನ ಮೇಲೆ ಚಪ್ಪಟೆಯಾಗಿ ಕೂರಿಸಿದರೆ ಎರಡೇ ದಿನದ ಕೆಲಸ ಎಂದರು. ಗಾಜಿನ ಅಂಗಡಿಯವರು 12 ಎಂಎಂ ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು, ಹಾಕಿಸಿ, ಮೇಲೆ ಜನ ನಡೆದರೂ ಏನೂ ಆಗುವುದಿಲ್ಲ ಎಂದರು. ಪಕ್ಕದ ಮನೆಯವರು ಅಡಿಕೆ ಒಣಗಿಸಲು ಹಾಕಿಸಿದ ಫೈಬರ್ ಶೀಟ್ ತೋರಿಸಿದರು. ಕಡಿಮೆ ಖರ್ಚು, ನಿಜ. ಆದರೆ ಅದು ಆಗಲೇ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿದೆ. ಬೆಂಗಳೂರಿನಲ್ಲಿರುವ ಮೈದುನ ಎರಡು ಪದರ ಗಾಜಿನ ಡಬಲ್ ಗ್ಲೇಜಿಂಗ್ ಹಾಕಿಸಿ, ವಿದೇಶದಲ್ಲೆಲ್ಲ ಅದೇ ಎನ್ನುತ್ತಾನೆ.

ನನ್ನ ಚಿಂತೆಗಳು ಇವು. ಏಪ್ರಿಲ್ ಬಿಸಿಲಿಗೆ ಒಳಗೆ ಬೇಯುತ್ತದಾ? ಮಂಗಗಳ ಕಾಟ ನಮ್ಮಲ್ಲಿ ವಿಪರೀತ, ಹಿಂಡುಹಿಂಡಾಗಿ ಮಾಡಿನ ಮೇಲೆ ಧುಮುಕುತ್ತವೆ. ಮೇಲೆ ಹಾಕಿಸಿದ್ದು ಒಡೆದು ಕೆಳಗೆ ಕೂತವರ ತಲೆ ಮೇಲೆ ಬಿದ್ದರೆ? ಮಳೆ ಸದ್ದು ಹೇಗಿರುತ್ತದೆ? ಹೆಂಚಿನ ಮೇಲೆ ಬೀಳುವ ಮಳೆ ಒಂದು ಥರ ಜೋಗುಳದ ಹಾಗೆ, ಅದಕ್ಕೆ ನಾವು ಹೊಂದಿಕೊಂಡಿದ್ದೇವೆ.

ಇನ್ನೊಂದು ಮಾತು. ಅತ್ತೆಯನ್ನು ಕೇಳಿದೆ, ನಿಮಗೆ ಹೇಗಿದ್ದರೆ ಚೆನ್ನ ಎಂದು. ಅವರು ಈ ಮನೆಗೆ ಸೊಸೆಯಾಗಿ ಬಂದು 50 ವರ್ಷದ ಮೇಲಾಯಿತು. ದಿನಾ ಮಧ್ಯಾಹ್ನ ದಕ್ಷಿಣದ ಜಗಲಿಯಲ್ಲಿ ಕಾಲು ಚಾಚಿ ಕೂತು ಬತ್ತಿ ಹೊಸೆಯುತ್ತಾರೆ. "ಮಳೆ ಬೀಳದಿದ್ರೆ ಸಾಕು ಮಾರಾಯ್ತಿ, ಆದ್ರೆ ಮಳೆ ಕಾಣ್ಬೇಕು" ಅಂದರು. ಹಾಗಾಗಿ ಬರೀ ಬೆಳಕು ಬಂದರೆ ಸಾಲದು, ಆಕಾಶ ಕಾಣಬೇಕು.

ಅನುಭವ ಇರುವವರು ದಯವಿಟ್ಟು ಹೇಳಿ. ಯಾವುದು ಅಗ್ಗ ಅನ್ನುವುದಕ್ಕಿಂತ ಯಾವುದು ಸರಿ ಅನ್ನುವುದು ನನಗೆ ಮುಖ್ಯ. ಹಣ ಸ್ವಲ್ಪ ಕೂಡಿಸಿಟ್ಟಿದ್ದೇವೆ.

ಶಿವಮೊಗ್ಗ_ಫ್ಯಾಬ್ರಿಕೇಟರ್

ಮೇಡಂ ನಮಸ್ಕಾರ. ನಾನು 19 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತೊಟ್ಟಿ ಮನೆಗಳಿಗೂ ಮಾಡಿದ್ದೇನೆ. ಗಾಜಿನ ಮಾತು ಆಮೇಲೆ. ಮೊದಲು ನೀರಿನ ಮಾತು ಆಗಬೇಕು, ಯಾಕೆಂದರೆ ನಿಮಗೆ ಸಲಹೆ ಕೊಟ್ಟವರು ಯಾರೂ ಅದನ್ನು ಹೇಳಿದಂತಿಲ್ಲ.

ನಿಮ್ಮ ನಾಲ್ಕು ಮಾಡೂ ಅಂಗಳಕ್ಕೆ ಇಳಿಯುತ್ತವೆ ಅಲ್ವಾ? ನೀವು ಮೇಲೆ ಏನೇ ಮುಚ್ಚಿದರೂ ಅದರ ನೀರು ಹೋಗಿ ಬೀಳುವುದು ಹೆಂಚಿನ ಮೇಲೆ. ಹೆಂಚಿನ ಮೇಲಿಂದ ಅದು ವಾಪಸ್ ಅಂಗಳಕ್ಕೇ ಬರುತ್ತದೆ. ಅಂದರೆ ಮಾಡು ಹಾಕಿಸಿಯೂ ಸೂರಿನಿಂದ ನೀರು ಸುರಿಯುವುದು ನಿಲ್ಲುವುದಿಲ್ಲ, ಅತ್ತೆಯವರು ಜಾರಿದ ಚಪ್ಪಡಿ ಒದ್ದೆಯಾಗಿಯೇ ಇರುತ್ತದೆ.

ಲೆಕ್ಕ ನೋಡಿ. ಮಾಡಿನ ನೆತ್ತಿಯಿಂದ ಒಳಸೂರಿಗೆ 12 ಅಡಿ ಇದೆ ಎಂದು ಹಿಡಿಯುತ್ತೇನೆ. ಆಗ ಅಂಗಳಕ್ಕೆ ನೀರು ಸುರಿಸುವ ಜಾಗ 38 ಅಡಿಗೆ 35 ಅಡಿ, ಸುಮಾರು 124 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಗಂಟೆಗೆ 50 ಮಿಮೀ ಹೊಡೆದರೆ 6,200 ಲೀಟರ್. ನಿಮಿಷಕ್ಕೆ ನೂರು ಲೀಟರ್‌ಗಿಂತ ಜಾಸ್ತಿ. ಹಾಗಾಗಿ ಒಳಸೂರಿನ ಸುತ್ತ, ಒಟ್ಟು 50 ಅಡಿ, ನೀರು ಹಿಡಿದು ಸಾಗಿಸುವ ತಗಡಿನ ದೋಣಿ ಬೇಕೇ ಬೇಕು. ಹಿಂದೆ ಅಡಿಕೆ ದಂಬೆ ಕಟ್ಟುತ್ತಿದ್ದರಲ್ಲ, ಅದೇ ಕೆಲಸ. ದೋಣಿಗೆ 10 ಅಡಿಗೆ ಒಂದು ಇಂಚು ಇಳಿಜಾರು ಕೊಡಿ. ಎದುರುಬದುರು ಎರಡು ಮೂಲೆಯಲ್ಲಿ 4 ಇಂಚಿನ ಪೈಪ್ ಇಳಿಸಿ. ನೀರಿನ ಲೆಕ್ಕಕ್ಕೆ ಒಂದೇ ಪೈಪ್ ಸಾಕಾಗುತ್ತದೆ. ಆದರೆ ಒಂದಕ್ಕೆ ಎಲೆ ಕಟ್ಟಿಕೊಂಡರೆ ರಾತ್ರಿ ಹೊತ್ತು ಯಾರು ಮೇಲೆ ಹತ್ತುತ್ತಾರೆ? ಅದಕ್ಕೆ ಎರಡು.

ಈಗ ಗಾಜು. ಟಫನ್ಡ್ ಗಾಜು ಮಾಮೂಲಿ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ಅದು ನಿಜ. ಆದರೆ ಒಡೆದರೆ ಪೂರ್ತಿ ಚೂರಾಗುತ್ತದೆ, ಕಲ್ಲುಸಕ್ಕರೆ ಸುರಿದ ಹಾಗೆ. ಚೂರು ಮೊಂಡಾಗಿರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಬಾಗಿಲಿಗೆ ಆ ಮಾತು ಸರಿ. ತಲೆ ಮೇಲಿನಿಂದ ಕಿಲೋಗಟ್ಟಲೆ ಗಾಜು ಬೀಳುವಾಗ ಮೊಂಡಾದರೇನು, ಚೂಪಾದರೇನು. ಕೆಲವೊಮ್ಮೆ ಯಾರೂ ಮುಟ್ಟದೆ ತನ್ನಷ್ಟಕ್ಕೆ ಸಿಡಿಯುವುದೂ ಉಂಟು. ಗಾಜಿನೊಳಗೆ ನಿಕಲ್ ಸಲ್ಫೈಡ್ ಅಂತ ಕಣ್ಣಿಗೆ ಕಾಣದ ಕಣ ಸೇರಿಕೊಂಡಿದ್ದರೆ ಹಾಗಾಗುತ್ತದೆ. ಆದ್ದರಿಂದ ತಲೆ ಮೇಲೆ ಗಾಜು ಅಂದರೆ ಲ್ಯಾಮಿನೇಟೆಡ್ ಮಾತ್ರ. ಎರಡು ಗಾಜಿನ ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ ಇರುತ್ತದೆ. ಕಾರಿನ ಮುಂದಿನ ಗಾಜು ಬಿರುಕು ಬಿಟ್ಟರೂ ಹಾಗೇ ಅಂಟಿಕೊಂಡು ನಿಲ್ಲುತ್ತಲ್ಲ, ಹಾಗೆ. ಎರಡು ಗಾಜೂ ಟಫನ್ಡ್ ಇರಲಿ, ಜೊತೆಗೆ ಲ್ಯಾಮಿನೇಟೆಡ್ ಆಗಿರಲಿ. ಟಫನ್ ಮಾಡಿದ ಮೇಲೆ ಕತ್ತರಿಸಲು, ತೂತು ಹಾಕಲು ಆಗುವುದಿಲ್ಲ. ಚೌಕಟ್ಟು ನಿಂತ ಮೇಲೆ ಅಳತೆ ತೆಗೆದು ಆರ್ಡರ್ ಕೊಡಿ, ಮೊದಲೇ ಕೊಡಬೇಡಿ.

ಭಾರದ ವಿಷಯ. ಗಾಜು ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರ್‌ಗೆ ಎರಡೂವರೆ ಕಿಲೋ. ಅಂಗಳಕ್ಕೆ ಸುತ್ತ 2 ಅಡಿ ಚಾಚು ಸೇರಿಸಿದರೆ 18 ಅಡಿಗೆ 15 ಅಡಿ, 25 ಚದರ ಮೀಟರ್. 6 ಎಂಎಂನ ಎರಡು ಗಾಜು ಸೇರಿದ ಲ್ಯಾಮಿನೇಟೆಡ್ ಹಾಕಿದರೆ ಇಳಿಜಾರು, ನಡುವಿನ ಪದರ ಎಲ್ಲ ಸೇರಿ ಸುಮಾರು 800 ಕಿಲೋ ಆಗುತ್ತದೆ, ಕಬ್ಬಿಣ ಬೇರೆ. ಅದೇ ಜಾಗಕ್ಕೆ 10 ಎಂಎಂ ಮಲ್ಟಿವಾಲ್ ಪಾಲಿಕಾರ್ಬೊನೇಟ್, ಅಂದರೆ ಒಳಗೆ ಟೊಳ್ಳು ಕೊಳವೆ ಕೊಳವೆ ಇರುವ ಶೀಟ್, ಹೆಚ್ಚೆಂದರೆ 45 ಕಿಲೋ. ನಿಮ್ಮ ಮರದ ಕಂಬದ ಮೇಲೆ 800 ಕಿಲೋ ಹೊರಿಸಬೇಡಿ. ಅಂಗಳದ ನಾಲ್ಕು ಮೂಲೆಯಲ್ಲಿ ಬೇರೆ ಪಾಯ ತೆಗೆದು ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಕಂಬ ಎಬ್ಬಿಸಿ.

ಫೈಬರ್ ಶೀಟ್ ಅಡಿಕೆ ಒಣಗಿಸಲು ಸರಿ, ವಾಸದ ಮನೆಗೆ ಬೇಡ. ಬಿಸಿಲಿಗೆ ಮೇಲಿನ ಪದರ ಸವೆದು ನಾರು ಹೊರಗೆ ಬರುತ್ತದೆ, ಮುಟ್ಟಿದರೆ ಕೈಗೆ ತುರಿಕೆ.

ಇನ್ನೊಂದು, ಯಾವುದನ್ನೂ ಚಪ್ಪಟೆಯಾಗಿ ಕೂರಿಸಬೇಡಿ. 15 ಡಿಗ್ರಿ ಇಳಿಜಾರು ಇಟ್ಟು ಎರಡು ಮೈ ಮಾಡಿ. ನಿಮ್ಮ ಅಳತೆಗೆ ನಡುವೆ 2 ಅಡಿ ಎತ್ತರ ಕೊಟ್ಟರೆ 15 ಡಿಗ್ರಿ ಬರುತ್ತದೆ. ನಿಂತ ನೀರು ಎಲ್ಲಿಂದಾದರೂ ದಾರಿ ಹುಡುಕುತ್ತದೆ, ಎಲೆ ಕೊಳೆಯುತ್ತದೆ, ಹಾವಸೆ ಕಟ್ಟಿ ಆಕಾಶವೂ ಕಾಣುವುದಿಲ್ಲ.

ಶಿರಸಿ_ತೋಟದ_ಮನೆ

ಅಕ್ಕಾ, ನಿಮಗೆ ಆ ವೆಲ್ಡಿಂಗ್ ಅಂಗಡಿಯವರು ಹೇಳಿದ್ದನ್ನೇ ನಾವು ಆರು ವರ್ಷದ ಹಿಂದೆ ಮಾಡಿಸಿದೆವು. ಕ್ಲಿಯರ್ ಶೀಟ್, ಚಪ್ಪಟೆ, ಸುತ್ತ ಸಂದಿ ಬಿಡದೆ ಸಿಮೆಂಟ್ ಮೆತ್ತಿಸಿ. ಇಲಿ, ಹಾವು ಬರಬಾರದು ಎಂದು ನಾವೇ ಹಾಗೆ ಹೇಳಿದ್ದು.

ಮೊದಲ ಮಳೆಗಾಲ ಬಹಳ ಖುಷಿ. ಅಂಗಳದಲ್ಲೇ ಮಕ್ಕಳು ಆಡಿದರು, ಬಟ್ಟೆ ಒಣಗಿತು. ಮಾರ್ಚ್ ಬಂತು ನೋಡಿ. ಹಳೆಯ ಮನೆಯಲ್ಲಿ ಅಂಗಳ ಅನ್ನುವುದು ಮನೆಯ ಮೂಗು ಇದ್ದ ಹಾಗೆ. ಒಳಗಿನ ಬಿಸಿ ಗಾಳಿ ಅಲ್ಲಿಂದಲೇ ಮೇಲೆ ಹೋಗುತ್ತಿತ್ತು. ಅದನ್ನು ಮುಚ್ಚಿಬಿಟ್ಟಿದ್ದೆವು. ಮಧ್ಯಾಹ್ನ ಎರಡು ಗಂಟೆಗೆ ಜಗಲಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಅಡುಗೆಮನೆ ಹೊಗೆಯೂ ಅಲ್ಲೇ ಸುತ್ತುತ್ತಿತ್ತು. ತುಳಸಿ ಆ ಬಿಸಿಗೆ ಸೊರಗಿ ಹೋಯಿತು. ಮೂರು ಸಲ ಹೊಸ ಸಸಿ ನೆಟ್ಟೆವು.

ಡಿಸೆಂಬರ್‌ನಲ್ಲಿ ಇನ್ನೊಂದು ತೊಂದರೆ. ಬೆಳಿಗ್ಗೆ ಎದ್ದರೆ ಅಂಗಳ ತುಂಬ ಹನಿ ಹನಿ ಒದ್ದೆ. ಸೋರುತ್ತಿದೆ ಎಂದು ಎರಡು ಸಲ ರಿಪೇರಿಯವರನ್ನು ಕರೆಸಿದೆವು. ಅದು ಸೋರಿಕೆ ಅಲ್ಲ. ಬಚ್ಚಲ ಹಂಡೆಯ ಹಬೆ, ಮನೆಯೊಳಗಿನ ತೇವ ಎಲ್ಲ ಮೇಲೇರಿ ರಾತ್ರಿಯ ತಣ್ಣನೆ ಶೀಟಿಗೆ ತಾಗಿ ನೀರಾಗಿ ಇಳಿಯುತ್ತಿತ್ತು. ನಿಮ್ಮಲ್ಲೂ ಬಚ್ಚಲು ಅಂಗಳಕ್ಕೇ ತೆರೆದಿದೆ ಎಂದಿದ್ದೀರಿ. ಗಾಳಿಗೆ ದಾರಿ ಇಲ್ಲದಿದ್ದರೆ ಅತ್ತೆಯವರ ಚಪ್ಪಡಿ ಚಳಿಗಾಲದಲ್ಲೂ ಒದ್ದೆಯಾಗುತ್ತದೆ, ನೆನಪಿಡಿ.

ಮೂರನೇ ವರ್ಷಕ್ಕೆ ಶೀಟ್ ಹಳದಿಯಾಯಿತು. ಆಮೇಲೆ ಗೊತ್ತಾಗಿದ್ದು, ಅದನ್ನು ಮಗುಚಿ ಹಾಕಿದ್ದರು. ಪಾಲಿಕಾರ್ಬೊನೇಟ್ ಶೀಟಿಗೆ ಸಾಮಾನ್ಯವಾಗಿ ಒಂದೇ ಮೈಗೆ ಬಿಸಿಲಿನ ಯುವಿ ಕಿರಣ ತಡೆಯುವ ಪದರ ಇರುತ್ತದೆ. ಆ ಮೈ ಬಿಸಿಲಿಗೆ ಇರಬೇಕು. ಹೊಸ ಶೀಟಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಯಾವ ಕಡೆ ಮೇಲೆ ಬರಬೇಕು ಎಂದು ಅದರ ಮೇಲೆಯೇ ಬರೆದಿರುತ್ತದೆ. ಕೆಲಸದವರು ಆ ಹಾಳೆಯನ್ನು ನೆಲದಲ್ಲೇ ಕಿತ್ತು ಹಾಕಿದರೆ ಮೇಲೆ ಹೋದ ಮೇಲೆ ಎರಡೂ ಮೈ ಒಂದೇ ಥರ ಕಾಣುತ್ತದೆ. ನೀವು ನಿಂತು ನೋಡಿ. ಅಂಚು ಮಾತ್ರ ಬಿಡಿಸಿ, ಕೂರಿಸಿದ ಮೇಲೆ ಅದೇ ದಿನ ಪೂರ್ತಿ ಕೀಳಿಸಿ. ಬಿಸಿಲಿಗೆ ಬಿಟ್ಟರೆ ಹಾಳೆ ಶೀಟಿಗೇ ಬೆಂದು ಅಂಟಿಕೊಳ್ಳುತ್ತದೆ.

ಹೋದ ವರ್ಷ ಎಲ್ಲ ತೆಗೆಸಿ ಒಂದೂವರೆ ಅಡಿ ಎತ್ತರಿಸಿ, ಸುತ್ತ ಜಾಲರಿ ಹಾಕಿಸಿದೆವು. ಆ ಸಂದಿಯಿಂದ ಗಾಳಿ ಆಡುತ್ತದೆ. ಈಗ ಅಂಗಳ ಮತ್ತೆ ಅಂಗಳದ ಹಾಗಿದೆ. ತುಳಸಿಯೂ ಹಿಡಿದಿದೆ. ಆದರೆ ಮಳೆ ಬೀಳುವುದಿಲ್ಲವಲ್ಲ, ದಿನಾ ನೀರು ಹಾಕಲು ಮರೆಯಬೇಡಿ.

ಸದ್ದಿನ ಬಗ್ಗೆ ಕೇಳಿದ್ದೀರಿ. ಆರಿದ್ರಾ ಮಳೆ ಜೋರಾದಾಗ ತೆಳು ಶೀಟಿನ ಕೆಳಗೆ ಕೂತು ಮಾತಾಡಲು ಆಗುವುದಿಲ್ಲ. ಎದುರಿನವರ ತುಟಿ ಅಲ್ಲಾಡುವುದು ಕಾಣುತ್ತದೆ ಅಷ್ಟೇ. ಹೆಂಚಿನ ಸದ್ದಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಹಳೇ_ಮಾಡು

ತಂಗೀ, ನಾನು ಕೊಪ್ಪದ ಕಡೆಯವನು. ನಿವೃತ್ತಿಯಾಗಿ ಹಳೆ ಮನೆಯಲ್ಲೇ ಇದ್ದೇನೆ. ಒಂದು ಮಾತು ಕೇಳುತ್ತೇನೆ, ಪೂರ್ತಿ ಮುಚ್ಚಲೇಬೇಕಾ?

ನಿಮಗೆ ಬೇಕಾಗಿರುವುದು ಅಡುಗೆಮನೆಯಿಂದ ಬಚ್ಚಲಿಗೆ ಒಣ ದಾರಿ. ಒಂದು ಪಕ್ಕದ ಸೂರನ್ನು ಮಾತ್ರ ಮೂರು ಅಡಿ ಮುಂದಕ್ಕೆ ಚಾಚಿ, ಅದಕ್ಕೆ ದೋಣಿ ಕಟ್ಟಿ, ಅಂಚಿನ ನುಣುಪು ಚಪ್ಪಡಿ ತೆಗೆದು ಒರಟು ಕಲ್ಲು ಹಾಕಿಸಿದರೆ ಅರ್ಧ ಕೆಲಸ ಆಯಿತು. ಗೋಡೆಗೆ ಹಿಡಿಕೆ ಒಂದು ಹೊಡೆಸಿ. ಹಿಡಿಕೆಯನ್ನು ಏನೇ ಮಾಡಿದರೂ ಹೊಡೆಸಿ, ಮುಚ್ಚಿದ ಅಂಗಳದಲ್ಲೂ ವಯಸ್ಸಾದವರಿಗೆ ಅದು ಬೇಕು.

ಚಾಚಿದ ಸೂರಿನಿಂದ ಜಗಲಿ ಕತ್ತಲಾಗುತ್ತದೆ ಎಂದರೆ ಗಾಜಿನ ಹೆಂಚು ಇದೆಯಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆ ಹೆಂಚಿನ ಅಳತೆ, ಅದರ ಕಚ್ಚು ಇವತ್ತಿಗೂ ನಮ್ಮ ಮಾಡಿನಲ್ಲಿ ಉಳಿದಿದೆ. ಅದೇ ಅಚ್ಚಿನ ಗಾಜಿನ ಹೆಂಚು ಸಿಗುತ್ತದೆ. ಒಂದು ಮಣ್ಣಿನ ಹೆಂಚು ಎತ್ತಿ ಆ ಜಾಗಕ್ಕೆ ಕೂರಿಸಿದರೆ ಮುಗಿಯಿತು. ಆಚಾರಿಯೂ ಬೇಡ, ವೆಲ್ಡರೂ ಬೇಡ, ಅಂಟೂ ಬೇಡ. ನಮ್ಮ ಅಡುಗೆಮನೆಗೆ ನಾಲ್ಕು ಹಾಕಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಬಿಸಿಲಿನ ಒಂದು ಚೌಕ ಒಲೆಯ ಹತ್ತಿರ ಬಂದು ನಿಲ್ಲುತ್ತದೆ. ನಮ್ಮ ತಾಯಿ ಆ ಚೌಕ ನೋಡಿಯೇ ಅನ್ನಕ್ಕೆ ಇಡುತ್ತಿದ್ದರು. ಪ್ಲಾಸ್ಟಿಕ್ಕಿನ ಹೆಂಚೂ ಬಂದಿದೆ, ಹಗುರ ಅಂತ ಜನ ತರುತ್ತಾರೆ. ನಾನು ಎರಡನ್ನೂ ಹಾಕಿ ನೋಡಿದವನು. ಗಾಜಿನದು ಮೂವತ್ತು ವರ್ಷದ ಮೇಲೂ ತೊಳೆದರೆ ಹೊಸದರ ಹಾಗೆ. ಪ್ಲಾಸ್ಟಿಕ್ಕಿನದು ಮಂಕಾಯಿತು.

ಮ್ಯಾಂಚೆಸ್ಟರ್_ಕನ್ನಡತಿ

ಮೈದುನ ಹೇಳಿದ ಡಬಲ್ ಗ್ಲೇಜಿಂಗ್ ಬಗ್ಗೆ ಒಂದು ಮಾತು. ನಾನು ಇಂಗ್ಲೆಂಡಿನಲ್ಲಿದ್ದೇನೆ, ಮನೆ ಹಿಂದೆ ಗಾಜಿನ ಕೋಣೆ ಇದೆ. ಇಲ್ಲಿ ಎರಡು ಪದರ ಹಾಕುವುದು ಮುಖ್ಯವಾಗಿ ಹೀಟರ್‌ನ ಶಾಖ ಹೊರಗೆ ಹೋಗಬಾರದು ಎಂದು. ಎರಡು ಗಾಜಿನ ನಡುವೆ ಗಾಳಿಯನ್ನು ಸೀಲ್ ಮಾಡಿರುತ್ತಾರೆ. ಮೇಲೆ ಶಿರಸಿಯವರು ಹೇಳಿದ ಹಾಗೆ ಮಾಡಿದರೆ ನಿಮ್ಮದು ಸುತ್ತ ಜಾಲರಿ ಬಿಟ್ಟ ಅಂಗಳ. ಪಕ್ಕದಿಂದ ಗಾಳಿ ಆರಾಮಾಗಿ ಓಡಾಡುವಾಗ ಮೇಲೆ ಎರಡು ಪದರ ಹಾಕಿ ಏನೂ ಪ್ರಯೋಜನ ಇಲ್ಲ, ಭಾರ ಮತ್ತು ಖರ್ಚು ಮಾತ್ರ. ಅದರ ಬದಲು ಬಿಸಿಲಿನ ಶಾಖ ತಡೆಯುವ ಸೋಲಾರ್ ಕಂಟ್ರೋಲ್ ಲೇಪನದ ಗಾಜು ಕೇಳಿ.

ಇಲ್ಲೂ ತುಂಬ ಮನೆಗಳಲ್ಲಿ ಹಳೆ ಪಾಲಿಕಾರ್ಬೊನೇಟ್ ಮಾಡು ತೆಗೆಸಿ ಗಾಜು ಹಾಕಿಸಿಕೊಳ್ಳುತ್ತಾರೆ. ಕಾರಣ ಅದೇ. ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಥಂಡಿ, ಮಳೆ ಬಂದರೆ ಟಿವಿ ಕೇಳಿಸುವುದಿಲ್ಲ.

ತೀರ್ಥಹಳ್ಳಿ_ಟೀಚರ್

ಎಲ್ಲರಿಗೂ ಕೈ ಮುಗಿದು ಧನ್ಯವಾದ. ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ನೀವು ಹೇಳಿದ್ದನ್ನೆಲ್ಲ ಅಳೆದು ನೋಡಿದೆವು.

ಫ್ಯಾಬ್ರಿಕೇಟರ್ ಸರ್, ನೀರಿನ ಮಾತು ಓದಿ ನಮ್ಮ ಯಜಮಾನರು ಸುಮ್ಮನೆ ಹೋಗಿ ಮಾಡು ನೋಡಿ ಬಂದರು. ನೆತ್ತಿಯಿಂದ ಸೂರಿಗೆ ನೀವು ಹೇಳಿದ 12 ಅಡಿಯೇ ಇದೆ. ಇಷ್ಟು ದಿನ ನಾವು ಗಾಜು, ಶೀಟು ಎಂದು ಮೇಲೆ ಬೀಳುವ ಮಳೆಯನ್ನಷ್ಟೇ ನೋಡುತ್ತಿದ್ದೆವು. ಅಂಗಳಕ್ಕೆ ನೇರವಾಗಿ ಬೀಳುವುದಕ್ಕಿಂತ ಮಾಡಿನಿಂದ ಬರುವ ನೀರೇ ಎಷ್ಟೋ ಪಟ್ಟು ಜಾಸ್ತಿ. ದೋಣಿ ಮೊದಲು, ಮಿಕ್ಕಿದ್ದು ಆಮೇಲೆ ಎಂದು ತೀರ್ಮಾನ ಮಾಡಿದೆವು.

ಹಳೇ ಮಾಡು ಅಣ್ಣ, ನಿಮ್ಮ ಸಲಹೆ ಮನಸ್ಸಿಗೆ ಬಹಳ ಹಿಡಿಸಿತು. ಒಂದು ರಾತ್ರಿ ಹಾಗೇ ಮಾಡೋಣ ಎಂದೂ ಅಂದುಕೊಂಡೆವು. ಆದರೆ ನಮ್ಮಲ್ಲಿ ಮಳೆ ಗಾಳಿಯ ಜೊತೆ ಬರುತ್ತದೆ, ಇರಚಲು ಜಗಲಿಯ ಗೋಡೆವರೆಗೂ ಹೊಡೆಯುತ್ತದೆ. ಮೂರು ಅಡಿ ಸೂರು ಸಾಲದು. ಹಿಡಿಕೆ ಮಾತ್ರ ನಿನ್ನೆಯೇ ಹೊಡೆಸಿದೆ. ಬಚ್ಚಲ ಬಾಗಿಲಿನಿಂದ ಕಂಬದವರೆಗೆ, ಅತ್ತೆಯ ಸೊಂಟದ ಎತ್ತರಕ್ಕೆ. ಇವತ್ತು ಬೆಳಿಗ್ಗೆ ಅವರು ಅದನ್ನು ಹಿಡಿದು ಹೋಗುವುದನ್ನು ಅಡುಗೆಮನೆಯಿಂದ ನೋಡುತ್ತಾ ನಿಂತಿದ್ದೆ. ಹಾಲು ಉಕ್ಕಿತು. ಅಡುಗೆಮನೆಗೆ ಗಾಜಿನ ಹೆಂಚು ಹುಡುಕುತ್ತಿದ್ದೇನೆ.

ಈಗ ಯೋಚನೆ ಹೀಗಿದೆ. ಎರಡು ಮೈಯ ಮಾಡು, ನೆತ್ತಿ ಪೂರ್ವ-ಪಶ್ಚಿಮ. ದಕ್ಷಿಣಕ್ಕೆ ಇಳಿಯುವ ಮೈಗೆ ಹಾಲುಬಿಳಿ ಬಣ್ಣದ 10 ಎಂಎಂ ಮಲ್ಟಿವಾಲ್. ಉತ್ತರಕ್ಕೆ ಇಳಿಯುವ ಮೈಗೆ ಲ್ಯಾಮಿನೇಟೆಡ್ ಗಾಜು. ಅತ್ತೆ ದಕ್ಷಿಣದ ಜಗಲಿಯಲ್ಲಿ ಕೂತು ತಲೆ ಎತ್ತಿದರೆ ಎದುರಿಗೆ ಕಾಣುವುದು ಉತ್ತರದ ಮೈಯೇ. ಅಲ್ಲಿ ಮಳೆ ಕಾಣುತ್ತದೆ. ಅರ್ಧಕ್ಕೆ ಮಾತ್ರ ಗಾಜು ಆದ್ದರಿಂದ ಭಾರವೂ ಅರ್ಧ. ಸುತ್ತ ಒಂದೂವರೆ ಅಡಿ ಸಂದಿ, ಜಾಲರಿ.

ಸರ್, ಇದು ಸರಿಯಾ? ಎರಡು ಬೇರೆ ಬೇರೆ ಸಾಮಾನು ಸೇರಿಸಿದರೆ ಸೇರುವ ಕಡೆ ಸೋರುತ್ತದಾ? ಉತ್ತರದ ಮೈಯಲ್ಲಿ ಬಿಸಿಲು ಕಡಿಮೆ ಅನ್ನುವುದು ನಿಜವಾ?

ಶಿವಮೊಗ್ಗ_ಫ್ಯಾಬ್ರಿಕೇಟರ್

ಮೇಡಂ, ಯೋಚನೆ ಚೆನ್ನಾಗಿದೆ. ಒಂದೇ ಮೈಯಲ್ಲಿ ಗಾಜು, ಶೀಟು ಬೆರೆಸಿದ್ದರೆ ಬೇಡ ಎನ್ನುತ್ತಿದ್ದೆ. ನಿಮ್ಮದರಲ್ಲಿ ಎರಡೂ ಸೇರುವುದು ನೆತ್ತಿಯಲ್ಲಿ ಮಾತ್ರ. ಅಲ್ಲಿಗೆ ಅಗಲವಾದ ಅಲ್ಯೂಮಿನಿಯಂ ಟೋಪಿ ತಗಡು ಹಾಕಿ, ಎರಡೂ ಕಡೆ ಒಂದು ಗೇಣು ಇಳಿಬಿಡಿ.

ಬಿಸಿಲಿನ ವಿಷಯ ನೇರವಾಗಿ ಹೇಳುತ್ತೇನೆ. ಚಳಿಗಾಲದಲ್ಲಿ, ಮಾರ್ಚ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಇರುತ್ತಾನೆ, ಆಗ ಉತ್ತರದ ಮೈಗೆ ಬಿಸಿಲು ಕಡಿಮೆ. ಆದರೆ ನಮ್ಮ ಊರುಗಳಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಆಗಸ್ಟ್ ಮಧ್ಯಕ್ಕೆ ಇನ್ನೊಮ್ಮೆ. ಆಗಸ್ಟ್‌ನಲ್ಲಿ ಮೋಡ ಇರುತ್ತದೆ, ತೊಂದರೆ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉತ್ತರ, ದಕ್ಷಿಣ ಎಂಬ ವ್ಯತ್ಯಾಸ ಹೆಚ್ಚು ಉಳಿಯುವುದಿಲ್ಲ. ಅದಕ್ಕೆ ಚೌಕಟ್ಟಿನ ಮೇಲೆ ನಾಲ್ಕು ಕೊಕ್ಕೆ ಬಿಡಿಸಿಕೊಳ್ಳಿ. ಶಿವರಾತ್ರಿ ಕಳೆದ ಮೇಲೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟಿನ ಶೇಡ್ ನೆಟ್ ಕಟ್ಟಿ, ಮಳೆ ಹಿಡಿಯುವ ಮುಂಚೆ ಬಿಚ್ಚಿ. ನೆಟ್ ಗಾಜಿನ ಹೊರಗೆ, ಒಂದು ಅಡಿ ಮೇಲಿರಲಿ. ಒಳಗೆ ಪರದೆ ಕಟ್ಟಿದರೆ ಶಾಖ ಆಗಲೇ ಒಳಗೆ ಬಂದಿರುತ್ತದೆ. ಮಂಗಗಳು ನೆಟ್ ಎಳೆಯುತ್ತವೆ, ಆದ್ದರಿಂದ ಅಂಚಿಗೆ ಹಗ್ಗ ಹೊಲಿಸಿ.

ಮಂಗ ಗಾಜಿನ ಮೇಲೆ ಕೂತರೆ ಏನೂ ಆಗುವುದಿಲ್ಲ. ಮಲ್ಟಿವಾಲ್ ಮೇಲೆ ಉಗುರಿನ ಗೀರು ಬೀಳುತ್ತದೆ, ಒಡೆಯುವುದಿಲ್ಲ. ಹಾಲುಬಿಳಿಯಲ್ಲಿ ಗೀರು ಕಾಣುವುದೂ ಇಲ್ಲ. ನೀವು ಆರಿಸಿದ್ದು ಒಳ್ಳೆಯದಾಯಿತು.

ಕೆಲಸದವರ ಹತ್ತಿರ ಇಷ್ಟು ಖಂಡಿತ ಹೇಳಿ. ಮಲ್ಟಿವಾಲ್ ಕೊಳವೆಗಳು ಇಳಿಜಾರಿನ ಉದ್ದಕ್ಕೇ ಇರಬೇಕು, ಅಡ್ಡ ಬೇಡ. ಮೇಲಿನ ಬಾಯಿಗೆ ಅಲ್ಯೂಮಿನಿಯಂ ಟೇಪ್, ಕೆಳಗಿನ ಬಾಯಿಗೆ ಗಾಳಿಯಾಡುವ ತೂತಿನ ಟೇಪ್. ಇದನ್ನು ಬಿಟ್ಟರೆ ಕೊಳವೆಯೊಳಗೆ ಹಸಿರು ಪಾಚಿ, ಇರುವೆ ಸೇರುತ್ತವೆ, ಆಮೇಲೆ ತೆಗೆಯಲು ಆಗುವುದಿಲ್ಲ. ಬಿಸಿಗೆ ಈ ಶೀಟ್ ಹಿಗ್ಗುತ್ತದೆ. ಮೂರು ಮೀಟರ್ ಉದ್ದದ್ದು 30 ಡಿಗ್ರಿ ವ್ಯತ್ಯಾಸಕ್ಕೆ 6 ಮಿಲಿಮೀಟರ್ ಹಿಗ್ಗುತ್ತದೆ. ಸ್ಕ್ರೂಗಿಂತ ತೂತು ದೊಡ್ಡದಿರಲಿ, ಜಾಸ್ತಿ ಬಿಗಿಯಬಾರದು. ಬಿಗಿದರೆ ರಾತ್ರಿ ಹೊತ್ತು ಟಕ್ ಟಕ್ ಸದ್ದು, ಎರಡು ವರ್ಷಕ್ಕೆ ತೂತಿನಿಂದ ಬಿರುಕು.

ಸಿಲಿಕೋನ್ ಟ್ಯೂಬ್ ನೀವೇ ಮೂಸಿ ನೋಡಿ. ವಿನೆಗರ್ ಥರ ಹುಳಿ ವಾಸನೆ ಬಂದರೆ ಬೇಡ. ಅದು ಪಾಲಿಕಾರ್ಬೊನೇಟನ್ನೂ ತಿನ್ನುತ್ತದೆ, ಲ್ಯಾಮಿನೇಟೆಡ್ ಗಾಜಿನ ಅಂಚಿನ ಪದರವನ್ನೂ ಕೆಡಿಸುತ್ತದೆ. ನ್ಯೂಟ್ರಲ್ ಸಿಲಿಕೋನ್ ಎಂದು ಕೇಳಿ ತರಿಸಿ. ಗಾಜು ನೇರ ಕಬ್ಬಿಣಕ್ಕೆ ತಾಗಬಾರದು, ನಡುವೆ ರಬ್ಬರ್ ಪಟ್ಟಿ.

ಗಾಜಿನ ದಪ್ಪ ಎಷ್ಟು ಎನ್ನುವುದು ಗಾಜು ಹೊರುವ ಚೌಕಟ್ಟಿನ ಪಟ್ಟಿಯಿಂದ ಪಟ್ಟಿಗೆ ಎಷ್ಟು ಅಂತರ ಎನ್ನುವುದರ ಮೇಲೆ. ಎರಡೂವರೆ ಅಡಿಗೆ ಒಂದು ಪಟ್ಟಿ ಕೊಟ್ಟರೆ ಚೆನ್ನ. ಚೌಕಟ್ಟಿನ ನಕ್ಷೆಯನ್ನು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ ದಪ್ಪ ಬರೆಸಿಕೊಳ್ಳಿ. ಅಂಗಡಿಯವರ ಬಾಯಿಮಾತಿನ ಮೇಲೆ ಬಿಡಬೇಡಿ.

ಜಾಲರಿ ಅರ್ಧ ಇಂಚಿನ ಕಣ್ಣಿನದು, ಜಿಐ. ಪಶ್ಚಿಮದ ಕಡೆಗೆ ಬರೀ ಜಾಲರಿ ಸಾಲದು, ಇರಚಲು ಅಲ್ಲಿಂದಲೇ ಬರುತ್ತದೆ. ಅಲ್ಲಿಗೆ ಓರೆ ಪಟ್ಟಿ, ಲೂವರ್ ಹಾಕಿಸಿ. ಗಾಳಿ ಹೋಗುತ್ತದೆ, ನೀರು ಬರುವುದಿಲ್ಲ.

ಪಾಯ ಮತ್ತು ದೋಣಿ ಕೆಲಸ ಏಪ್ರಿಲ್‌ನಲ್ಲೇ ಮುಗಿಸಿ. ಗಾಜು ಆರ್ಡರ್ ಕೊಟ್ಟ ಮೇಲೆ ಬರಲು ವಾರಗಳು ಹಿಡಿಯುತ್ತವೆ.

ತೀರ್ಥಹಳ್ಳಿ_ಟೀಚರ್

ಸರ್, ಎಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ, ಹುಳಿ ವಾಸನೆಯದ್ದೂ ಸೇರಿ. ಭಾನುವಾರ ಪಾಯಕ್ಕೆ ಗುರುತು ಹಾಕುತ್ತೇವೆ. ತುಳಸಿ ಕಟ್ಟೆಯಿಂದ ಕಂಬ ಎಷ್ಟು ದೂರ ಇರಬೇಕು ಎಂದು ಅತ್ತೆ ಆಗಲೇ ರಂಗೋಲಿ ಪುಡಿಯಲ್ಲಿ ಗೆರೆ ಎಳೆದಿಟ್ಟಿದ್ದಾರೆ. ಪ್ರದಕ್ಷಿಣೆಗೆ ಜಾಗ ಬೇಕಂತೆ. ಎಡಗೈಯಲ್ಲಿ ಎಳೆದ ಗೆರೆ, ಸ್ವಲ್ಪ ಸೊಟ್ಟ ಇದೆ. ಅಳತೆ ಹಿಡಿದು ನೋಡಿದೆವು. ಎರಡೂವರೆ ಅಡಿ ಬಂತು. ಕಂಬ ಅಲ್ಲಿಂದ ಆಚೆಗೇ ಬರುತ್ತದೆ.